ವೈದ್ಯಕೀಯ ಪದಗಳನ್ನೆಲ್ಲ ಉರುಹೊಡೆಯಲೇಬೇಕೇ?

ಪ್ರಶ್ನೆ: ನರ್ಸಿಂಗ್ ಕೋರ್ಸಿಗೆ ಸೇರಿದ್ದೇನೆ. ಪುಸ್ತಕದ ಒಂದೊಂದು ಪುಟದಲ್ಲೂ ನಾಲಿಗೆ ಹೊರಳದ ಹತ್ತಾರು ಪದಗಳು. ದಿನಕ್ಕೆ ಐವತ್ತರಂತೆ ಉರುಹೊಡೆದರೂ ವಾರ ಕಳೆಯುವಷ್ಟರಲ್ಲಿ ಮರೆತುಹೋಗುತ್ತವೆ. ಬೇರೆ ದಾರಿಯೇ ಇಲ್ಲವೇ?

ಉತ್ತರ: ಇದೆ. ಇಡೀ ಪದವನ್ನು ಬಿಟ್ಟು ಅದರ ತುಂಡುಗಳನ್ನು ಕಲಿಯಿರಿ. ಈ ಪದಗಳಲ್ಲಿ ಹೆಚ್ಚಿನವು ಗ್ರೀಕ್ ಮತ್ತು ಲ್ಯಾಟಿನ್ ತುಂಡುಗಳನ್ನು ಜೋಡಿಸಿ ಮಾಡಿದ ಸಮಾಸಗಳು. ಸಮಾಸ ಬಿಡಿಸುವುದು ಕನ್ನಡ ವ್ಯಾಕರಣ ಓದಿದವರಿಗೆ ಹೊಸತೇನಲ್ಲ. ನಮ್ಮ 'ಪಿತ್ತಕೋಶ'ವನ್ನೇ ನೋಡಿ. ಗ್ರೀಕ್ ಮೂಲದ 'ಕೋಲಿ' ಎಂದರೆ ಪಿತ್ತ, 'ಸಿಸ್ಟ್' ಎಂದರೆ ಕೋಶ ಅಥವಾ ಚೀಲ. ಕತ್ತರಿಸಿ ತೆಗೆಯುವುದಕ್ಕೆ 'ಎಕ್ಟಮಿ'. ಮೂರೂ ಸೇರಿ ಕೋಲಿಸಿಸ್ಟೆಕ್ಟಮಿ, ಅಂದರೆ ಪಿತ್ತಕೋಶವನ್ನು ತೆಗೆದುಹಾಕುವ ಶಸ್ತ್ರಚಿಕಿತ್ಸೆ. ಭಯ ಹುಟ್ಟಿಸಿದ್ದು ಪದದ ಉದ್ದವೇ ಹೊರತು ಅರ್ಥವಲ್ಲ.

ಬಿಡಿಸುವಾಗ ಬಾಲದಿಂದ ಶುರುಮಾಡಿ. ತತ್ಪುರುಷ ಸಮಾಸದಲ್ಲಿ ಉತ್ತರಪದಕ್ಕೆ ಪ್ರಾಧಾನ್ಯ ಇರುವಂತೆ ಇಲ್ಲೂ ಕೊನೆಯ ತುಂಡೇ ಯಜಮಾನ. ಇದು ಕಾಯಿಲೆಯೋ, ಪರೀಕ್ಷೆಯೋ, ಆಪರೇಷನ್ನೋ ಎಂದು ತಿಳಿಸುವುದು ಅದೇ. ಆಮೇಲೆ ಪದದ ತಲೆ, ಕೊನೆಗೆ ನಡು. ಪೆರಿಕಾರ್ಡೈಟಿಸ್ ಎಂಬುದರಲ್ಲಿ 'ಐಟಿಸ್' ಉರಿಯೂತ, 'ಪೆರಿ' ಸುತ್ತ, 'ಕಾರ್ಡಿ' ಹೃದಯ: ಹೃದಯದ ಸುತ್ತಲಿನ ಪೊರೆಯ ಉರಿಯೂತ.

ತುಂಡುಗಳನ್ನು ಬೆಸೆಯುವುದಕ್ಕೂ ಒಂದು ಸಂಧಿಕಾರ್ಯವಿದೆ. 'ಗ್ಯಾಸ್ಟ್ರೊ' ಎಂದರೆ ಜಠರ. ಅದರ ಮುಂದೆ 'ಸ್ಕೋಪಿ' (ಒಳಗೆ ನೋಡುವುದು) ಬಂದರೆ ಗ್ಯಾಸ್ಟ್ರೋಸ್ಕೋಪಿ, 'ಒ' ಉಳಿಯುತ್ತದೆ. ಆದರೆ ಸ್ವರದಿಂದ ಶುರುವಾಗುವ 'ಐಟಿಸ್' ಬಂದರೆ ಗ್ಯಾಸ್ಟ್ರೈಟಿಸ್, 'ಒ' ಬಿದ್ದುಹೋಗುತ್ತದೆ. ಮಾತು ಮತ್ತು ಇಲ್ಲ ಸೇರಿ 'ಮಾತಿಲ್ಲ' ಆಗುವ ಅದೇ ಲೋಪಸಂಧಿ! ಒಂದೇ ಒಂದು ವ್ಯತ್ಯಾಸ: ಎರಡು ಅಂಗಗಳ ಹೆಸರು ಅಕ್ಕಪಕ್ಕ ಬಂದಾಗ ಸ್ವರ ಎದುರಾದರೂ 'ಒ' ಹೋಗುವುದಿಲ್ಲ. ಜಠರ ಮತ್ತು ಕರುಳಿನ ಉರಿಯೂತವನ್ನು ಗ್ಯಾಸ್ಟ್ರೊಎಂಟರೈಟಿಸ್ ಎನ್ನುವುದು ಇದಕ್ಕೇ.

ಮೊದಲ ಎರಡು ವಾರ ಬಾಲಗಳಿಗೇ ಮೀಸಲಿಡಿ. ಸಂಖ್ಯೆಯಲ್ಲಿ ಕಡಿಮೆ, ಮರಳಿ ಮರಳಿ ಸಿಗುವುದು ಹೆಚ್ಚು. ಮೂವತ್ತು ಗೊತ್ತಿದ್ದರೆ ಬಹಳ ದೂರ ಹೋಗಬಹುದು. 'ಎಮಿಯ' ಎಂದರೆ ರಕ್ತದ ಸ್ಥಿತಿ, 'ಯೂರಿಯ' ಮೂತ್ರದ್ದು, 'ಆಲ್ಜಿಯ' ನೋವು, 'ಮೆಗಲಿ' ಹಿಗ್ಗುವುದು, 'ಪೀನಿಯ' ಕೊರತೆ. ತಲೆಗಳನ್ನು ಜೋಡಿಯಾಗಿ ಕಲಿಯುವುದು ಸುಲಭ: ಹೈಪರ್ ಹೆಚ್ಚು, ಹೈಪೋ ಕಡಿಮೆ, ಟ್ಯಾಕಿ ವೇಗ, ಬ್ರ್ಯಾಡಿ ನಿಧಾನ, ಇಂಟರ್ ನಡುವೆ, ಇಂಟ್ರಾ ಒಳಗೆ. ಅಂಗಗಳ ಹೆಸರುಗಳಿಗೆ ಬೇರೆ ಪಟ್ಟಿ ಬೇಡ. ಅನಾಟಮಿ ಪಾಠ ಯಾವ ಅಂಗಕ್ಕೆ ಬಂದಿದೆಯೋ ಅದರವನ್ನು ಆಗಲೇ ಕಲಿಯಿರಿ. ಒಂದೇ ಅಂಗಕ್ಕೆ ಎರಡು ಹೆಸರು ಕಂಡರೆ ಗಾಬರಿಯಾಗಬೇಡಿ, ಒಂದು ಗ್ರೀಕ್, ಇನ್ನೊಂದು ಲ್ಯಾಟಿನ್. ಮೂತ್ರಪಿಂಡದ ರಕ್ತನಾಳ 'ರೀನಲ್', ಅದರ ಉರಿಯೂತ 'ನೆಫ್ರೈಟಿಸ್'. ರಚನೆಗೆ ಲ್ಯಾಟಿನ್, ರೋಗಕ್ಕೆ ಗ್ರೀಕ್ ಎಂಬುದು ಸಾಮಾನ್ಯ ರೂಢಿ.

ಹೆಚ್ಚಿನವರು ಎಡವುವುದು ಒಂದೇ ಥರ ಕೇಳಿಸುವ ಪದಗಳಲ್ಲಿ. ಕೊಲಾಟಮಿ ಎಂದರೆ ದೊಡ್ಡಕರುಳನ್ನು ಕೊಯ್ದು ತೆರೆಯುವುದು, ಕೊಲಾಸ್ಟಮಿ ಎಂದರೆ ಅದಕ್ಕೆ ಹೊಟ್ಟೆಯ ಮೇಲೆ ಬಾಯಿ ಮಾಡುವುದು, ಕೊಲೆಕ್ಟಮಿ ಎಂದರೆ ಅದನ್ನು ಪೂರ್ತಿ ಅಥವಾ ಭಾಗಶಃ ತೆಗೆದುಹಾಕುವುದು. ಹೈಪೋಕೇಲೀಮಿಯದಲ್ಲಿ ಕಡಿಮೆಯಾಗಿರುವುದು ಪೊಟ್ಯಾಸಿಯಮ್, ಹೈಪೋಕ್ಯಾಲ್ಸೀಮಿಯದಲ್ಲಿ ಕ್ಯಾಲ್ಸಿಯಮ್. ಪೊಟ್ಯಾಸಿಯಮ್ಮಿನ ಲ್ಯಾಟಿನ್ ಹೆಸರು ಕೇಲಿಯಮ್. ರಸಾಯನಶಾಸ್ತ್ರದಲ್ಲಿ ಅದರ ಸಂಕೇತ 'ಕೆ' ಆಗಿರುವುದೂ ಇದರಿಂದಲೇ. ಇನ್ನು ಡಿಸ್ಫೇಜಿಯ ನುಂಗುವ ತೊಂದರೆ, ಡಿಸ್ಫೇಸಿಯ ಮಾತಿನ ತೊಂದರೆ. ಪಾರ್ಶ್ವವಾಯು ಆದವರಲ್ಲಿ ಎರಡೂ ಕಾಣಿಸಿಕೊಳ್ಳಬಹುದು, ಹಾಗಾಗಿ ರೋಗಿಯ ಕಾಯಿಲೆ ನೋಡಿ ಊಹಿಸುವ ದಾರಿ ಇಲ್ಲಿ ನಡೆಯದು. ನುಂಗಲಾಗದವರಿಗೆ ಊಟ ಕೊಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ನಮಗೆ ಮಾತ್ರ ಇರುವ ಇನ್ನೊಂದು ತೊಡಕು ಲಿಪಿಯದು. ಕನ್ನಡದಲ್ಲಿ 'ಇಲಿಯಮ್' ಎಂದು ಬರೆದುಕೊಂಡರೆ ಅದು ಸಣ್ಣಕರುಳಿನ ಕೊನೆಯ ಭಾಗವೋ ಸೊಂಟದ ಮೂಳೆಯೋ ತಿಳಿಯುವುದೇ ಇಲ್ಲ. ಇಂಗ್ಲಿಷ್ ಕಾಗುಣಿತದಲ್ಲಿ ವ್ಯತ್ಯಾಸ ಒಂದೇ ಅಕ್ಷರ: ಕರುಳಿನದರ ನಡುವೆ 'ಇ', ಮೂಳೆಯದರ ನಡುವೆ 'ಐ'. ಕರುಳಿನ ಉರಿಯೂತವಾದ ಎಂಟರೈಟಿಸ್ ಕೂಡ ಆ 'ಇ' ಅಕ್ಷರದಿಂದಲೇ ಶುರುವಾಗುತ್ತದೆ, ಹಾಗೆ ನೆನಪಿಡಿ. ಉಚ್ಚಾರ ಮತ್ತು ಅರ್ಥವನ್ನು ಕನ್ನಡದಲ್ಲಿ ಬರೆದುಕೊಳ್ಳಿ, ಪದವನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ, ಅದೂ ಕೈಯಲ್ಲೇ ಬರೆಯಿರಿ. ನ್ಯುಮೋನಿಯ, ಟೋಸಿಸ್, ಸೈಕೋಸಿಸ್ ಇವೆಲ್ಲ ಬರಹದಲ್ಲಿ 'ಪಿ'ಯಿಂದ ಶುರುವಾಗುತ್ತವೆ. ಕೇಳಿದ ಹಾಗೆ ನಿಘಂಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ತುಂಡುಗಳನ್ನು ಕಣ್ಣುಮುಚ್ಚಿ ನಂಬುವುದೂ ತಪ್ಪೇ. 'ಅನೀಮಿಯ' ಪದಶಃ 'ರಕ್ತವಿಲ್ಲದಿರುವುದು'. ವಾಸ್ತವದಲ್ಲಿ ಅದು ಹೀಮೋಗ್ಲೋಬಿನ್ ಅಥವಾ ಕೆಂಪು ರಕ್ತಕಣಗಳ ಕೊರತೆ. 'ಓಮ' ಎಂದರೆ ಗೆಡ್ಡೆ ಎಂದು ಪುಸ್ತಕ ಹೇಳುತ್ತದೆ, ಆದರೆ ಹೆಮಟೋಮ ಬರೀ ಹೆಪ್ಪುಗಟ್ಟಿ ನಿಂತ ರಕ್ತ, ಗ್ಲಾಕೋಮ ಕಣ್ಣಿನ ನರ ಹಾಳಾಗುವ ಕಾಯಿಲೆ, ಮೆಲನೋಮ ಬರೀ ಗೆಡ್ಡೆಯಲ್ಲ, ಕ್ಯಾನ್ಸರು. ಹಳೆಯ ಹೆಸರುಗಳಲ್ಲಿ ಹಳೆಯ ತಪ್ಪುಗಳೂ ಉಳಿದುಕೊಂಡಿವೆ: ಅಪಧಮನಿಯನ್ನು ಸೂಚಿಸುವ 'ಆರ್ಟರಿ'ಯ ಮೂಲವಾದ ಗ್ರೀಕ್ ಪದಕ್ಕೆ ಶ್ವಾಸನಾಳ ಎಂಬ ಅರ್ಥವೂ ಇತ್ತು. ಶವದಲ್ಲಿ ಅಪಧಮನಿಗಳು ಖಾಲಿ ಕಂಡದ್ದರಿಂದ ಅವು ಗಾಳಿ ಸಾಗಿಸುತ್ತವೆ ಎಂದು ಪ್ರಾಚೀನ ಗ್ರೀಕರಲ್ಲಿ ಕೆಲವರು ನಂಬಿದ್ದರು. ಬಿಡಿಸಿದ ಮೇಲೆ ಒಮ್ಮೆ ನಿಘಂಟು ನೋಡುವ ರೂಢಿ ಇರಲಿ.

ಮರೆವಿಗೆ ಮದ್ದು ಸಣ್ಣ ಚೀಟಿಗಳು. ಒಂದು ಬದಿಗೆ ತುಂಡು, ಇನ್ನೊಂದು ಬದಿಗೆ ಅರ್ಥ ಮತ್ತು ಆ ತುಂಡಿರುವ ಒಂದು ಪೂರ್ಣ ಪದ. ದಿನಕ್ಕೆ ಹತ್ತು ಚೀಟಿ ಸಾಕು, ಐವತ್ತು ಬೇಡ. ಹೊಸ ಚೀಟಿಯನ್ನು ಮಾರನೆಯ ದಿನ, ಮೂರನೆಯ ದಿನ, ಏಳನೆಯ ದಿನ, ಹದಿನೈದನೆಯ ದಿನ ತಿರುವಿಹಾಕಿ. ತಪ್ಪಿದ್ದು ಮತ್ತೆ ಮೊದಲ ದಿನಕ್ಕೆ ಬರಲಿ. ಪದ ನೋಡಿ ಅರ್ಥ ಹೇಳಿದರಷ್ಟೇ ಆಗದು. 'ಯಕೃತ್ತು ಹಿಗ್ಗಿದೆ' ಎಂದು ಓದಿ 'ಹೆಪಟೊಮೆಗಲಿ' ಎಂದು ಬರೆಯಲು ಬರಬೇಕು. ಕಷ್ಟ ಇರುವುದು ಈ ಉಲ್ಟಾ ಅಭ್ಯಾಸದಲ್ಲೇ, ಪದ ಕೈಗೆ ಬರುವುದೂ ಅದರಿಂದಲೇ.

ಸಂಕ್ಷೇಪಾಕ್ಷರಗಳಿಗೆ ಮಾತ್ರ ಈ ಯಾವ ಸೂತ್ರವೂ ನಡೆಯುವುದಿಲ್ಲ. 'ಎಂಎಸ್' ಎಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ (ನರಮಂಡಲದ ಕಾಯಿಲೆ), ಮೈಟ್ರಲ್ ಸ್ಟೆನೋಸಿಸ್ (ಹೃದಯದ ಕವಾಟ ಕಿರಿದಾಗುವುದು), ಮಾರ್ಫಿನ್ ಸಲ್ಫೇಟ್ (ನೋವಿನ ಔಷಧಿ) ಯಾವುದೂ ಆಗಬಹುದು. ಇನ್ಸುಲಿನ್ 4 ಯೂನಿಟ್ ಎನ್ನುವುದಕ್ಕೆ 4ರ ಪಕ್ಕ ಇಂಗ್ಲಿಷಿನ 'ಯು' ಬರೆದರೆ ಅದು 40 ಎಂದು ಓದಿಸಿಕೊಳ್ಳುವ ಅಪಾಯವಿದೆ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಸಂಸ್ಥೆ ಜಾಯಿಂಟ್ ಕಮಿಷನ್ 2004ರಲ್ಲಿ ತಂದ 'ಬಳಸಬಾರದ ಸಂಕ್ಷೇಪಗಳ' ಪಟ್ಟಿಯಲ್ಲಿ ಈ 'ಯು' ಕೂಡ ಇದೆ. 1 ಎಂದು ಬರೆಯಬೇಕಾದಲ್ಲಿ 1.0 ಬರೆಯುವುದಕ್ಕೂ ಅಲ್ಲಿ ನಿಷೇಧವಿದೆ, ಚುಕ್ಕಿ ಕಾಣದಿದ್ದರೆ ಅದು 10 ಆಗುತ್ತದೆ. ನೀವು ಬರೆಯುವಾಗ 'ಯೂನಿಟ್' ಎಂದು ಪೂರ್ತಿ ಬರೆಯಿರಿ. ಬೇರೆಯವರು ಬರೆದದ್ದು ಅರ್ಥವಾಗದಿದ್ದರೆ ಬರೆದವರನ್ನೇ ಕೇಳಿ, ಪಕ್ಕದವರನ್ನಲ್ಲ.