ಹೆಸರು ಕೊಟ್ಟಾಗಿದೆ, ಸೈಕಲ್ ತುಳಿದಿಲ್ಲ

ಚಳಿಗಾಲ ಬಂತೆಂದರೆ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ನೋವಿಲ್ಲದ ಕೆಲವರು ಬರುತ್ತಾರೆ. ಆಫೀಸಿನ ಗುಂಪಿನಲ್ಲೋ ಅಪಾರ್ಟ್‌ಮೆಂಟಿನ ವಾಟ್ಸಾಪ್‌ನಲ್ಲೋ ಯಾರೋ ಸೈಕಲ್ ಸವಾರಿಯ ಪೋಸ್ಟರ್ ಹಾಕಿರುತ್ತಾರೆ. ಬೆಂಗಳೂರಿನಿಂದ ಮೈಸೂರಿಗೆ, ಕೂಡಿದ ಹಣ ಮಕ್ಕಳ ಚಿಕಿತ್ಸೆಗೋ ಸರ್ಕಾರಿ ಶಾಲೆಗೋ. ಹುಮ್ಮಸ್ಸಿನಲ್ಲಿ ಇವರೂ ಹೆಸರು ಕೊಟ್ಟಿರುತ್ತಾರೆ. ನೆಂಟರಿಷ್ಟರ ಹತ್ತಿರ ದುಡ್ಡೂ ಎತ್ತಿರುತ್ತಾರೆ. ಆಮೇಲೆ ಕ್ಯಾಲೆಂಡರ್ ನೋಡಿದರೆ ಉಳಿದಿರುವುದು ನಾಲ್ಕೇ ವಾರ. ಸೈಕಲ್ ಬಾಲ್ಕನಿಯಲ್ಲಿ ಧೂಳು ತಿನ್ನುತ್ತಿದೆ. "ಆಗುತ್ತಾ ಡಾಕ್ಟ್ರೇ?" ಅಂತ ಕೇಳುತ್ತಾರೆ.

ಬೇರೆ ಕಾಯಿಲೆ ಇಲ್ಲದೆ, ದಿನಾ ಒಂದಿಷ್ಟು ನಡೆದಾಡುವ ರೂಢಿ ಇದ್ದರೆ ಆಗುತ್ತೆ ಅಂತಲೇ ಹೇಳುತ್ತೇನೆ. ಆದರೆ ನಾಲ್ಕು ವಾರದಲ್ಲಿ ಹೊಸ ಕಾಲು ಬೆಳೆಯುವುದಿಲ್ಲ. ದಮ್ಮು ಸ್ವಲ್ಪ ಕೂಡುತ್ತದೆ, ತೊಡೆಗೆ ಸ್ವಲ್ಪ ಬಲ ಬರುತ್ತದೆ, ಅಷ್ಟೇ. ಹೆದರಬೇಡಿ, ಮೊದಲ ಸಲ ಹೊರಟವರನ್ನು ದಾರಿಯಲ್ಲಿ ಇಳಿಸುವುದು ಸಾಮಾನ್ಯವಾಗಿ ದಮ್ಮಲ್ಲ. ಮಂಡಿ, ಅಂಗೈ, ಕೂರುವ ಜಾಗ ಮತ್ತು ಖಾಲಿ ಹೊಟ್ಟೆ. ಈ ನಾಲ್ಕನ್ನೂ ನಾಲ್ಕು ವಾರದಲ್ಲಿ ಸರಿಮಾಡಿಕೊಳ್ಳಬಹುದು. ಜನ ಮಾತ್ರ ಇವನ್ನು ಬಿಟ್ಟು ನಂದಿ ಬೆಟ್ಟ ಹತ್ತಲು ಹೋಗುತ್ತಾರೆ.

ಒಂದು ಮಾತು ಮೊದಲೇ. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಇದ್ದವರು, ನಲವತ್ತು ದಾಟಿ ಬಹಳ ದಿನದಿಂದ ಮೈ ಬಗ್ಗಿಸದವರು ಮೊದಲು ವೈದ್ಯರಿಗೆ ತೋರಿಸಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ದಾರಿಯಲ್ಲಷ್ಟೇ ಅಲ್ಲ, ಆ ರಾತ್ರಿ ನಿದ್ದೆಯಲ್ಲೂ ಇಳಿಯಬಹುದು. ಡೋಸ್ ಎಷ್ಟು ಅಂತ ಗೆಳೆಯರನ್ನು ಕೇಳುವ ವಿಷಯ ಇದಲ್ಲ.

ಈಗ ದಾರಿ. ಹಳೇ ಹೆದ್ದಾರಿಯಲ್ಲಿ ಸುಮಾರು 140 ಕಿಲೋಮೀಟರ್. ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೋಗಳ ಜೊತೆ ಸೈಕಲ್‌ಗೂ ಪ್ರವೇಶವಿಲ್ಲ. ಹಾಗಾಗಿ ಸರ್ವಿಸ್ ರಸ್ತೆ ಮತ್ತು ಊರೊಳಗಿನ ಹಳೇ ರಸ್ತೆಯೇ ಗತಿ: ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಮೈಸೂರು 760ರ ಆಸುಪಾಸು. ಹಾಗಾದರೆ ದಾರಿಯುದ್ದಕ್ಕೂ ಇಳಿಜಾರೇ ಅಲ್ವಾ ಅಂತ ಎಲ್ಲರೂ ಖುಷಿಪಡುತ್ತಾರೆ. ಆದರೆ ಮಂಡ್ಯ, ಶ್ರೀರಂಗಪಟ್ಟಣ ಇರುವುದು 680 ಮೀಟರ್ ಹತ್ತಿರ. ಅಂದರೆ ಕಾವೇರಿ ದಾಟಿದ ಮೇಲೆ, ಕಾಲು ಸೋತು ಬಿಸಿಲು ನೆತ್ತಿ ಸುಡುವ ಹೊತ್ತಿಗೆ, ಕೊನೆಯ ಹದಿನೈದು ಕಿಲೋಮೀಟರ್ ಸಣ್ಣಗೆ ಏರು. ಕಣ್ಣಿಗೆ ಏರು ಅಂತ ಕಾಣುವುದೂ ಇಲ್ಲ. ಸೈಕಲ್ ಕೆಟ್ಟಿತು ಅಂದುಕೊಂಡು ಬ್ರೇಕ್ ಹಿಡಿದಿದೆಯಾ ಅಂತ ಬಗ್ಗಿ ನೋಡುವವರನ್ನು ಕಂಡಿದ್ದೇನೆ. ಇನ್ನು ಜೂನ್‌ನಿಂದ ಆಗಸ್ಟ್‌ವರೆಗಿನ ಸವಾರಿಗೆ ಹೆಸರು ಕೊಟ್ಟಿದ್ದರೆ ಮುಂಗಾರಿನ ಎದುರುಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬಂದವರಿಗೆ ನಾನು ವ್ಯಾಯಾಮ ಹೇಳಿಕೊಡುವುದಕ್ಕಿಂತ ಮೊದಲು ಸೈಕಲ್ ಒಳಗೆ ತರಿಸುತ್ತೇನೆ. ಮೊನ್ನೆ ಬಂದ ಬ್ಯಾಂಕ್ ಉದ್ಯೋಗಿಯೊಬ್ಬರ ಸೀಟು ಎಷ್ಟು ತಗ್ಗಿನಲ್ಲಿತ್ತೆಂದರೆ, ಕೂತರೆ ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತಿತ್ತು. ಹೆಚ್ಚಿನವರು ಇಡುವುದೇ ಹೀಗೆ, ಧೈರ್ಯಕ್ಕೆ. ಗೋಡೆ ಪಕ್ಕ ಸೈಕಲ್ ನಿಲ್ಲಿಸಿ, ಒಂದು ಕೈ ಗೋಡೆಗೆ ಕೊಟ್ಟು ಕೂರಿಸಿದೆ. ಕಾಲಲ್ಲಿ ಸವಾರಿಯ ದಿನ ಹಾಕುವ ಶೂನೇ ಇರಬೇಕು. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೆಡಲನ್ನು ಪೂರ್ತಿ ಕೆಳಗೆ ತಂದಾಗ ಕಾಲು ನೆಟ್ಟಗಾಗಬೇಕು, ಸೊಂಟ ಒಂದು ಕಡೆ ವಾಲಬಾರದು. ಅಲ್ಲಿಗೆ ಸೀಟಿನ ಎತ್ತರ ಸರಿ. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲೆ ಬರುತ್ತದಲ್ಲ, ಆಗ ಮಂಡಿ ತಾನಾಗಿ 25ರಿಂದ 35 ಡಿಗ್ರಿ ಮಡಚಿಕೊಳ್ಳುತ್ತದೆ. ಅವರ ಸೀಟು ಎರಡು ಇಂಚು ಮೇಲೆ ಹೋಯಿತು. "ಕಾಲು ನೆಲಕ್ಕೇ ಸಿಗ್ತಿಲ್ವಲ್ಲ, ಸಿಗ್ನಲ್‌ನಲ್ಲಿ ಏನ್ ಮಾಡ್ಲಿ?" ಅಂತ ಗಾಬರಿಯಾದರು. ಸೀಟಿನ ಮೇಲೆ ಕೂತೇ ಕಾಲೂರಬೇಕಿಲ್ಲ. ಬ್ರೇಕ್ ಹಿಡಿಯುತ್ತಾ ಸೀಟಿನಿಂದ ಮುಂದಕ್ಕೆ ಜಾರಿ, ಒಂದು ಕಾಲು ಪೆಡಲ್ ಮೇಲೇ ಇಟ್ಟು ಇನ್ನೊಂದನ್ನು ನೆಲಕ್ಕೆ ಕೊಡಬೇಕು. ಕ್ಲಿನಿಕ್ ಎದುರಿನ ರಸ್ತೆಯಲ್ಲೇ ಅಭ್ಯಾಸ ಮಾಡಿದರು. ಕಾಲು ಗಂಟೆಯೂ ಬೇಕಾಗಲಿಲ್ಲ.

ಈ ಎರಡು ಇಂಚಿಗೆ ಇಷ್ಟು ಯಾಕೆ? ನಿಮಿಷಕ್ಕೆ 70 ಸುತ್ತು ತುಳಿದರೆ ಎಂಟು ಗಂಟೆಯಲ್ಲಿ ಒಂದೊಂದು ಮಂಡಿಯೂ 33 ಸಾವಿರಕ್ಕೂ ಹೆಚ್ಚು ಸಲ ಮಡಚುತ್ತದೆ. ಸೀಟು ತಗ್ಗಿನಲ್ಲಿದ್ದರೆ ಮಂಡಿಚಿಪ್ಪು ಪ್ರತಿ ಸುತ್ತಿಗೂ ತೊಡೆಮೂಳೆಗೆ ಒತ್ತಿಕೊಳ್ಳುತ್ತದೆ, ನೋವು ಮಂಡಿಯ ಮುಂಭಾಗದಲ್ಲಿ ಬರುತ್ತದೆ. ಮಂಡಿಯ ಹಿಂದೆ ಎಳೆದಂತಾದರೆ ಸೀಟು ಜಾಸ್ತಿ ಎತ್ತರವಾಗಿರಬಹುದು. ಮೊದಲು ಅರ್ಧ ಸೆಂಟಿಮೀಟರ್ ಏರಿಸಿ ಅಥವಾ ಇಳಿಸಿ ನೋಡಿ. ಮುಲಾಮು ಆಮೇಲೆ.

ಗೇರ್‌ನದೂ ಇದೇ ಕಥೆ. ಭಾರದ ಗೇರ್ ಹಾಕಿ ಕಿರ್ರೆಂದು ಒತ್ತಿ ತುಳಿಯುವುದು ಗಟ್ಟಿತನ ಅಂತ ನಮ್ಮಲ್ಲೊಂದು ನಂಬಿಕೆ ಇದೆ. ಮಂಡಿಗೆ ಅದರಷ್ಟು ಕೆಟ್ಟದ್ದು ಇಲ್ಲ. ಗೇರ್ ಹಗುರ ಮಾಡಿ, ಕಾಲು ಸಲೀಸಾಗಿ ತಿರುಗಲಿ. 80 ಸುತ್ತು ಬಂದರೆ ಬಹಳ ಒಳ್ಳೆಯದು. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ.

ಕೂರುವ ಜಾಗದ ವಿಷಯಕ್ಕೆ ಬಂದರೆ, ಎಲ್ಲರೂ ಮೊದಲು ಮಾಡುವ ಕೆಲಸ ದಪ್ಪ ಜೆಲ್ ಕವರ್ ಕೊಳ್ಳುವುದು. ಮೊದಲ ಅರ್ಧ ಗಂಟೆ ಸುಖವಾಗಿಯೂ ಇರುತ್ತದೆ. ನಮ್ಮ ಭಾರ ಹೊರಬೇಕಾದದ್ದು ಕೂರುವಾಗ ಕೆಳಗೆ ತಾಗುವ ಎರಡು ಮೂಳೆಗಳು. ಸೀಟು ತೀರಾ ಮೆತ್ತಗಿದ್ದರೆ ಆ ಮೂಳೆಗಳು ಒಳಗೆ ಇಳಿದು, ನಡುವಿನ ಮೆದು ಭಾಗದ ನರ ಮತ್ತು ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತದೆ. ಜೋಮು ಹಿಡಿಯುವುದು ಅದಕ್ಕೇ. ಹಾಗಾಗಿ ಸ್ವಲ್ಪ ಗಟ್ಟಿ ಸೀಟೇ ಇರಲಿ, ಮೆತ್ತೆ ಚಡ್ಡಿಯಲ್ಲಿರಲಿ. ಪ್ಯಾಡ್ ಇರುವ ಸೈಕ್ಲಿಂಗ್ ಶಾರ್ಟ್ಸ್ ಕೊಳ್ಳಿ, ಅದರೊಳಗೆ ಒಳಉಡುಪು ಹಾಕಬೇಡಿ. ನಾಚಿಕೆಪಟ್ಟು ಹಾಕಿಕೊಂಡು ಹೋದವರು ಹೊಲಿಗೆ ಉಜ್ಜಿ ಚರ್ಮ ಕಿತ್ತುಕೊಂಡು ಬರುತ್ತಾರೆ. ತೊಡೆಸಂದಿಗೆ ತೆಳ್ಳಗೆ ವ್ಯಾಸಲೀನ್ ಸವರಿ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಸೀಟಿನಿಂದ ಎದ್ದು ನಾಲ್ಕು ಸುತ್ತು ತುಳಿಯಿರಿ. ಹೆಂಗಸರಿಗೆ ಸೀಟಿನ ಅಗಲ ಹೊಂದದೇ ಇರುವುದು ಸಾಮಾನ್ಯ. ಅದನ್ನು ಸಹಿಸಿಕೊಳ್ಳದೆ ಬದಲಾಯಿಸಿ, ಅಂಗಡಿಯಲ್ಲಿ ಕೂತು ನೋಡಿಯೇ ತನ್ನಿ.

ಅಂಗೈಯದ್ದು ಕಡಿಮೆ ಜನಕ್ಕೆ ಗೊತ್ತಿರುವ ತೊಂದರೆ. ಕಿರುಬೆರಳು ಮತ್ತು ಉಂಗುರದ ಬೆರಳಿಗೆ ಹೋಗುವ ನರ ಮಣಿಕಟ್ಟಿನ ಹತ್ತಿರ, ಕಿರುಬೆರಳಿನ ಕಡೆಯ ದಿಂಡಿನಲ್ಲಿ ಸಾಗುತ್ತದೆ. ಸರಿಯಾಗಿ ಹ್ಯಾಂಡಲ್ ಒತ್ತುವ ಜಾಗ ಅದು. ಗಂಟೆಗಟ್ಟಲೆ ಭಾರ ಹಾಕಿದರೆ ಆ ಎರಡು ಬೆರಳು ಜೋಮು ಹಿಡಿಯುತ್ತವೆ, ಕೆಲವರಿಗೆ ಮರುದಿನ ಅಂಗಿಯ ಗುಂಡಿ ಹಾಕುವುದೂ ಕಷ್ಟವಾಗುತ್ತದೆ. ಮೊಣಕೈ ಸ್ವಲ್ಪ ಮಡಚಿರಲಿ, ಮಣಿಕಟ್ಟು ಹಿಂದಕ್ಕೆ ಬಾಗದಿರಲಿ, ಕೈ ಇಡುವ ಜಾಗ ಆಗಾಗ ಬದಲಾಗಲಿ. ಸೀಟಿನ ಮೂತಿ ಕೆಳಕ್ಕೆ ಬಾಗಿದ್ದರೆ ಮೈ ಮುಂದೆ ಜಾರಿ ಭಾರವೆಲ್ಲ ಕೈಗೇ ಬರುತ್ತದೆ, ಅದನ್ನೂ ನೋಡಿ.

ಇನ್ನು ತುಳಿಯುವ ಅಭ್ಯಾಸ. ವಾರದ ನಡುವೆ ಎರಡು ದಿನ ಮುಕ್ಕಾಲು ಗಂಟೆ ಸಾಕು, ಆಫೀಸಿಗೆ ಸೈಕಲ್‌ನಲ್ಲಿ ಹೋದರೂ ನಡೆಯುತ್ತದೆ. ಭಾನುವಾರ ಮಾತ್ರ ಬಿಡಬೇಡಿ: ಮೊದಲನೆಯದು 30 ಕಿಲೋಮೀಟರ್, ಎರಡನೆಯದು 50, ಮೂರನೆಯದು 80. ವಾರಕ್ಕೆ ಶೇಕಡಾ 10ರಷ್ಟೇ ಏರಿಸಬೇಕು ಎಂದು ಓದಿದವರು ಹುಬ್ಬೇರಿಸಬಹುದು. ಓಟದ ಹಾಗೆ ಇಲ್ಲಿ ಪ್ರತಿ ಹೆಜ್ಜೆಗೂ ಕಾಲು ನೆಲಕ್ಕೆ ಬಡಿಯುವುದಿಲ್ಲ. ನಿಧಾನವಾಗಿ, ಹಗುರ ಗೇರ್‌ನಲ್ಲಿ ಹೋದರೆ ತಡೆಯುತ್ತದೆ. ಆ 80ನ್ನು ಕನಕಪುರ ರಸ್ತೆಯಲ್ಲೋ ಹಳೇ ಮೈಸೂರು ರಸ್ತೆಯಲ್ಲೋ ಮಾಡಿ. ನಂದಿ ಬೇಡ. ಅಲ್ಲಿ ಫೋಟೋ ಚೆನ್ನಾಗಿ ಬರುತ್ತದೆ ನಿಜ, ಆದರೆ ಕಡಿದಾದ ಏರು ಹತ್ತಿ ಮಂಡಿ ಕೆರಳಿಸಿಕೊಂಡರೆ ವಾಸಿಯಾಗುವಷ್ಟು ದಿನ ನಿಮ್ಮ ಹತ್ತಿರ ಇಲ್ಲ. ಕೊನೆಯ ವಾರ ಅರ್ಧ ಗಂಟೆಯ ಎರಡು ಸಲೀಸು ಸುತ್ತು, ಮಿಕ್ಕಂತೆ ನಿದ್ದೆ. ತಪ್ಪಿಹೋದ ಅಭ್ಯಾಸವನ್ನೆಲ್ಲ ಆ ವಾರ ತುರುಕಬೇಡಿ. ಟ್ಯೂಬ್ ಬದಲಾಯಿಸುವುದನ್ನು ಮನೆಯಲ್ಲಿ ಒಮ್ಮೆ ನೀವೇ ಮಾಡಿ ನೋಡಿ. ಗಾಳಿ ಎಷ್ಟಿರಬೇಕು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಹೆಲ್ಮೆಟ್, ಹಿಂದಿನ ಕೆಂಪು ದೀಪ ಇಲ್ಲದೆ ಬೆಳಗಿನ ಜಾವ ಹೆದ್ದಾರಿಗೆ ಇಳಿಯಲೇಬಾರದು.

ಭಾನುವಾರದ ಸವಾರಿಗಳಲ್ಲಿ ಕಾಲಿನಷ್ಟೇ ಹೊಟ್ಟೆಗೂ ಅಭ್ಯಾಸ ಬೇಕು. ನಮ್ಮ ಮೈಯಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 400ರಿಂದ 500 ಗ್ರಾಂ. ಜೋರಾಗಿ ತುಳಿದರೆ ಎರಡು ಗಂಟೆಯಲ್ಲಿ ತಳ ಕಾಣುತ್ತದೆ. ಆಮೇಲೆ ಇದ್ದಕ್ಕಿದ್ದ ಹಾಗೆ ಕೈಕಾಲು ಸೋತು, ಕಣ್ಣು ಮಂಜಾಗಿ, ಸಣ್ಣದಕ್ಕೂ ಸಿಟ್ಟು ಬರುತ್ತದೆ. ಅದಕ್ಕೆ ಹಸಿವಾಗುವ ಮೊದಲೇ, ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಬೀಳುತ್ತಿರಬೇಕು. ದುಬಾರಿ ಜೆಲ್ ಏನೂ ಬೇಡ. ಎರಡು ಏಲಕ್ಕಿ ಬಾಳೆಹಣ್ಣು ಮತ್ತು ಎರಡು ಖರ್ಜೂರಕ್ಕೆ ಆ 30 ಗ್ರಾಂ ಲೆಕ್ಕ ಮುಟ್ಟುತ್ತದೆ. ಕಡಲೆ ಮಿಠಾಯಿಯನ್ನು ಮನೆಯಲ್ಲೇ ತುಂಡು ಮಾಡಿ, ಪ್ಲಾಸ್ಟಿಕ್ ಕಾಗದ ಬಿಚ್ಚಿ, ಜೇಬಿಗೆ ಹಾಕಿಕೊಳ್ಳಿ. ಬೆವರಿದ ಕೈಯಲ್ಲಿ, ಲಾರಿ ಪಕ್ಕ, ಆ ಕಾಗದ ಹಲ್ಲಿನಿಂದ ಕಚ್ಚುವುದು ಬೇಡ.

ಈ ದಾರಿಯ ಸುಖವೇ ತಿಂಡಿ. ಬಿಡದಿಯ ತಟ್ಟೆ ಇಡ್ಲಿ ಸವಾರಿಗೆ ಹೇಳಿ ಮಾಡಿಸಿದ್ದು: ಹಬೆಯಲ್ಲಿ ಬೆಂದದ್ದು, ಅಕ್ಕಿ ಜಾಸ್ತಿ, ಎಣ್ಣೆ ಇಲ್ಲ. ಬೆಣ್ಣೆ ಮಾತ್ರ ಕಡಿಮೆ ಹಾಕಿಸಿಕೊಳ್ಳಿ. ಮದ್ದೂರಿನ ವಡೆಯನ್ನು ನಾನು ಪಾರ್ಸೆಲ್ ಕಟ್ಟಿಸಿಕೊಳ್ಳಿ ಅನ್ನುತ್ತೇನೆ. ಎಣ್ಣೆಯಲ್ಲಿ ಕರಿದದ್ದು ಹೊಟ್ಟೆಯಲ್ಲಿ ಬಹಳ ಹೊತ್ತು ಕೂರುತ್ತದೆ, ಮಂಡ್ಯದ ಬಿಸಿಲಲ್ಲಿ ಅದು ಮೇಲಕ್ಕೆ ಬಂದೀತು. ಮದ್ದೂರಿನ ಎಳನೀರು ಧಾರಾಳವಾಗಿ ಕುಡಿಯಿರಿ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಬೆವರಿನಲ್ಲಿ ಮುಖ್ಯವಾಗಿ ಹೋಗುವ ಸೋಡಿಯಂ ಕಡಿಮೆ. ಜೊತೆಗೆ ಉಪ್ಪು ಬೇಕು. ಬರೀ ನೀರನ್ನೇ ಸುಮ್ನೆ ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗಬಹುದು. ಬಾಯಾರಿದಷ್ಟು ಕುಡಿಯಿರಿ, ಒಂದು ಬಾಟಲಿ ನೀರು, ಇನ್ನೊಂದರಲ್ಲಿ ಓಆರ್‌ಎಸ್ ಇರಲಿ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರಿಗೇ ಕಲಸಿ, ಒಂದು ಲೋಟಕ್ಕಲ್ಲ. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳೆಲ್ಲ ಓಆರ್‌ಎಸ್ ಅಲ್ಲ.

ವೇಗದ ಲೆಕ್ಕ ಹೀಗಿದೆ. ಗಂಟೆಗೆ 18 ಕಿಲೋಮೀಟರ್ ಹಿಡಿದರೆ ತುಳಿಯುವ ಹೊತ್ತು ಸುಮಾರು ಎಂಟು ಗಂಟೆ, ತಿಂಡಿ, ವಿಶ್ರಾಂತಿ, ಪಂಕ್ಚರ್‌ಗೆ ಎರಡು ಗಂಟೆ. ಬೆಳಿಗ್ಗೆ ಐದಕ್ಕೆ ಹೊರಟರೆ ಮೂರಕ್ಕೆ ಮೈಸೂರು. ಗೊತ್ತುಮಾಡಿದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸವಾರಿಗೆ ಬ್ರೆವೆ ಅನ್ನುತ್ತಾರೆ; ನುರಿತವರ 200 ಕಿಲೋಮೀಟರ್ ಬ್ರೆವೆಗೂ ಹದಿಮೂರೂವರೆ ಗಂಟೆ ಕಾಲಾವಕಾಶ ಇರುತ್ತದೆ, ಅಂದರೆ ಗಂಟೆಗೆ ಹದಿನೈದೂ ಆಗಲಿಲ್ಲ. ನಾವು ಅವಸರ ಮಾಡುವುದು ಯಾಕೆ? ಕೆಡುವುದು ಶುರುವಿನಲ್ಲೇ. ಬಾವುಟ ಬೀಸಿ, ಡೊಳ್ಳು ಬಡಿದು ಕಳಿಸುತ್ತಾರೆ, ಮುಂಜಾನೆಯ ತಂಪು, ಅಕ್ಕಪಕ್ಕ ಜನ. ಬಿಡದಿವರೆಗೆ ಎಲ್ಲರೂ ಶೂರರು. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ: 20ರ ಬದಲು 25ರಲ್ಲಿ ಹೋದರೆ ಗಾಳಿಗೇ ಹೆಚ್ಚುಕಡಿಮೆ ಎರಡರಷ್ಟು ಕೊಡಬೇಕು. ಮೊದಲ 40 ಕಿಲೋಮೀಟರ್ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಹರಟೆ ಹೊಡೆಯಲು ಆಗಬೇಕು. ಒಂದೊಂದೇ ಪದ ಹೊರಡುತ್ತಿದೆ ಅಂದರೆ ನಿಧಾನಿಸಿ.

ಧರ್ಮಾರ್ಥದ ಸವಾರಿಗೆ ಇನ್ನೊಂದು ತಾಪತ್ರಯ ಅಂಟಿಕೊಂಡಿದೆ. ಅದು ಮುಲಾಜು. ಚಿಕ್ಕಪ್ಪ ಐದು ಸಾವಿರ ಕೊಟ್ಟಿದ್ದಾರೆ, ಬಾಸ್ ಹತ್ತು ಕೊಟ್ಟಿದ್ದಾರೆ, ಸೋತವರನ್ನು ಹತ್ತಿಸಿಕೊಳ್ಳುವ ವ್ಯಾನನ್ನು ಮದ್ದೂರಲ್ಲೇ ಹತ್ತುವುದು ಹೇಗೆ? ಈ ಮುಲಾಜಿಗೆ ಬಿದ್ದು ಊದಿದ ಮಂಡಿಯಲ್ಲೇ ಅರವತ್ತು ಕಿಲೋಮೀಟರ್ ತುಳಿದು, ಸೋಮವಾರ ನನ್ನ ಹತ್ತಿರ ಕುಂಟುತ್ತಾ ಬರುತ್ತಾರೆ. ಚಿಕ್ಕಪ್ಪ ಕೊಟ್ಟ ದುಡ್ಡು ಶಾಲೆಗೆ ಆಗಲೇ ಸೇರಿಯಾಗಿದೆ, ಯಾರೂ ವಾಪಸ್ ಕೇಳುವುದಿಲ್ಲ. ಹಣ ಕೇಳುವಾಗ "ಕಿಲೋಮೀಟರಿಗೆ ಇಷ್ಟು" ಅಂತ ಕೇಳಲೇಬೇಡಿ, "ಈ ಸವಾರಿಯಲ್ಲಿ ನಾನೂ ಇದ್ದೇನೆ, ಕೈಲಾದಷ್ಟು ಕೊಡಿ" ಅನ್ನಿ. ವ್ಯಾನ್ ಎಲ್ಲಿರುತ್ತದೆ, ಅದರ ಫೋನ್ ನಂಬರ್ ಯಾವುದು ಅಂತ ಹಿಂದಿನ ದಿನವೇ ಬರೆದುಕೊಳ್ಳಿ.

ನೋವು ತಡೆಯಲು ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗಿಕೊಂಡು ಹೊರಡುವವರೂ ಇದ್ದಾರೆ. ದಯವಿಟ್ಟು ಬೇಡ. ನೀರು ಕಡಿಮೆಯಾದ ಮೈಯಲ್ಲಿ ಆ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಇನ್ನಷ್ಟು ತಗ್ಗಿಸುತ್ತವೆ, ಹೊಟ್ಟೆಗೂ ಪೆಟ್ಟು. ನಿಲ್ಲು ಅನ್ನುವ ಮಂಡಿಯ ಬಾಯಿಯನ್ನೂ ಮುಚ್ಚಿಸುತ್ತವೆ. ಎದೆ ಹಿಡಿದಂತಾದರೆ, ತಣ್ಣನೆಯ ಬೆವರು ಬಂದರೆ, ತಲೆ ಸುತ್ತಿದರೆ ಅಲ್ಲೇ ಇಳಿದು ಸಹಾಯ ಕೂಗಿ. ಬಿಸಿಲಲ್ಲಿ ಯಾರಾದರೂ ಅಸಂಬದ್ಧ ಮಾತಾಡಲು ಶುರು ಮಾಡಿದರೆ ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಫೋನ್ ಮಾಡಿ.

ಮುಗಿಸಿದ ಮೇಲೆ ಒಂದು ಗಂಟೆಯೊಳಗೆ ಅನ್ನ ಸಾರು, ಮೊಸರು ಏನಾದರೂ ಹೊಟ್ಟೆ ತುಂಬಾ ತಿನ್ನಿ. ಮರುದಿನ ಮೆಟ್ಟಿಲು ಇಳಿಯುವಾಗ ತೊಡೆ ಬೈಯುತ್ತದೆ, ಅದು ಮೂರ್ನಾಲ್ಕು ದಿನದ ಮಾತು. ಮಲಗಿಬಿಡದೆ ಸ್ವಲ್ಪ ನಡೆದಾಡಿ. ಮಂಡಿ ಊದಿದ್ದರೆ, ಬೆರಳಿನ ಜೋಮು ವಾರ ಕಳೆದರೂ ಬಿಡದಿದ್ದರೆ ಬಂದು ತೋರಿಸಿ. ಮೂತ್ರ ಮಾತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ನನ್ನ ಹತ್ತಿರ ಬರಬೇಡಿ, ಅವತ್ತೇ ನೇರವಾಗಿ ಆಸ್ಪತ್ರೆಗೆ ಹೋಗಿ.