ಗಡಿ ದಾಟುವ ದತ್ತಾಂಶ, ಅದರ ಬೆನ್ನಿಗೇ ಹೋಗುವ ಕಾನೂನು

ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಯಾವ ಕಾನೂನನ್ನೇ ಪರೀಕ್ಷೆಗೆಂದು ಓದಲು ಕುಳಿತರೂ ಮೊದಲು ವ್ಯಾಪ್ತಿಯ ಕಲಮನ್ನು ಓದಿಕೊಳ್ಳಿ. ದಂಡದ ಮೊತ್ತ ಪತ್ರಿಕೆಗಳ ತಲೆಬರಹವಾಗುತ್ತದೆ, ಹಾಗಾಗಿ ಎಲ್ಲರಿಗೂ ಅದೇ ನೆನಪಿರುತ್ತದೆ. ಆದರೆ ಕಾನೂನು ಯಾರ ಮೇಲೆ ಅನ್ವಯಿಸುತ್ತದೆ ಎಂಬುದು ಖಚಿತವಾಗದೆ ದಂಡದ ಮಾತಿಗೆ ಅರ್ಥವಿಲ್ಲ.

ಐರೋಪ್ಯ ಒಕ್ಕೂಟದ ದತ್ತಾಂಶ ಸಂರಕ್ಷಣಾ ಕಾನೂನಾದ ಜಿಡಿಪಿಆರ್ 2018ರ ಮೇ 25ರಿಂದ ಅನ್ವಯದಲ್ಲಿದೆ. ಅದರ 3ನೇ ವಿಧಿಯ ಪ್ರಕಾರ, ಒಕ್ಕೂಟದಲ್ಲಿ ಕಚೇರಿ ಇಲ್ಲದ ಕಂಪನಿಯೂ ಎರಡು ಸಂದರ್ಭಗಳಲ್ಲಿ ಅದಕ್ಕೆ ಒಳಪಡುತ್ತದೆ: ಒಕ್ಕೂಟದಲ್ಲಿರುವವರಿಗೆ ಸರಕು ಅಥವಾ ಸೇವೆ ಒದಗಿಸಲು ಹೊರಟಾಗ, ಇಲ್ಲವೇ ಅಲ್ಲಿರುವವರ ವರ್ತನೆಯನ್ನು ಗಮನಿಸುತ್ತಿರುವಾಗ. ಇಲ್ಲಿ ಪೌರತ್ವ ಲೆಕ್ಕಕ್ಕೆ ಬರುವುದಿಲ್ಲ. ಮ್ಯೂನಿಕ್‌ನಲ್ಲಿ ಓದುತ್ತಿರುವ ಧಾರವಾಡದ ವಿದ್ಯಾರ್ಥಿಗೆ ಈ ರಕ್ಷಣೆ ಇದೆ. ಮೈಸೂರಿಗೆ ಬಂದು ಅಂಗಡಿಯೊಂದರಲ್ಲಿ ತನ್ನ ಫೋನ್ ನಂಬರ್ ಬರೆದುಕೊಟ್ಟ ಜರ್ಮನ್ ಪ್ರವಾಸಿ, ಆ ವ್ಯವಹಾರದ ಮಟ್ಟಿಗೆ ಜಿಡಿಪಿಆರ್ ಆಶ್ರಯಿಸಲಾರ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಇಳಕಲ್ಲಿನ ಸೀರೆ ಅಂಗಡಿಯೊಂದು ಜಾಲತಾಣ ತೆರೆದಿದೆ ಎನ್ನಿ. ಆ ತಾಣ ಪ್ಯಾರಿಸ್‌ನಲ್ಲಿಯೂ ತೆರೆದುಕೊಳ್ಳುತ್ತದೆ ಎಂಬಷ್ಟರಿಂದಲೇ ಜಿಡಿಪಿಆರ್ ಅನ್ವಯಿಸುವುದಿಲ್ಲ. ಆದರೆ ಬೆಲೆಯನ್ನು ಯೂರೊದಲ್ಲಿ ತೋರಿಸಿ, ಫ್ರಾನ್ಸ್‌ಗೆ ತಲುಪಿಸುತ್ತೇವೆ ಎಂದು ಸಾರಿ, ಅಲ್ಲಿನ ಗ್ರಾಹಕರ ಮಾತುಗಳನ್ನೂ ಪ್ರಕಟಿಸಿದರೆ, ಅಂಗಡಿಯ ಉದ್ದೇಶ ಸ್ಪಷ್ಟವಾಗುತ್ತದೆ. ಕಾನೂನು ಹುಡುಕುವುದು ಆ ಉದ್ದೇಶವನ್ನೇ.

ಇನ್ನು ದತ್ತಾಂಶವನ್ನು ಒಕ್ಕೂಟದಿಂದ ಹೊರಗೆ ಕಳುಹಿಸುವ ವಿಚಾರ. ಪಠ್ಯದ ಅತ್ಯಂತ ಸತ್ವಯುತ ಭಾಗ ಇದೇ ಎಂದು ನನ್ನ ಅಭಿಪ್ರಾಯ. ಮೂಲ ತತ್ವ ಸರಳ: ದತ್ತಾಂಶ ಹೊರದೇಶಕ್ಕೆ ಹೋದರೂ ಅದರ ರಕ್ಷಣೆ ಕುಗ್ಗಬಾರದು. ಯಾವ ದೇಶದಲ್ಲಿ ಸಾಕಷ್ಟು ರಕ್ಷಣೆ ಇದೆ ಎಂದು ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗ ತೀರ್ಮಾನಿಸಿದೆಯೋ ಅಲ್ಲಿಗೆ ಕಳುಹಿಸಲು ಅಡ್ಡಿಯಿಲ್ಲ. 2019ರಲ್ಲಿ ಜಪಾನ್, 2021ರಲ್ಲಿ ದಕ್ಷಿಣ ಕೊರಿಯಾ ಆ ಮಾನ್ಯತೆ ಪಡೆದವು. ಭಾರತಕ್ಕೆ ಅದು ಸಿಕ್ಕಿಲ್ಲ. ಹಾಗಾಗಿ ಬೆಂಗಳೂರಿನ ಕಂಪನಿಗಳು ಸಾಮಾನ್ಯವಾಗಿ ಆಯೋಗವೇ ಸಿದ್ಧಪಡಿಸಿದ ಮಾದರಿ ಒಪ್ಪಂದದ ಷರತ್ತುಗಳಿಗೆ ಸಹಿ ಹಾಕುತ್ತವೆ.

ಅಮೆರಿಕದ ಕಥೆ ಇನ್ನೂ ಜಟಿಲ. ಅಮೆರಿಕದ ಗುಪ್ತಚರ ಕಣ್ಗಾವಲಿನ ಬಗ್ಗೆ ಎಡ್ವರ್ಡ್ ಸ್ನೋಡೆನ್ ಬಹಿರಂಗಪಡಿಸಿದ ಸಂಗತಿಗಳ ಬೆನ್ನಲ್ಲೇ, 2013ರಲ್ಲಿ, ಆಸ್ಟ್ರಿಯಾದ ಮ್ಯಾಕ್ಸ್ ಶ್ರೆಮ್ಸ್ ಐರ್ಲೆಂಡಿನ ದತ್ತಾಂಶ ಪ್ರಾಧಿಕಾರಕ್ಕೆ ದೂರು ಕೊಟ್ಟರು. ಆಗ ಅವರಿನ್ನೂ ಕಾನೂನು ವಿದ್ಯಾರ್ಥಿ. ಐರ್ಲೆಂಡೇ ಏಕೆಂದರೆ ಫೇಸ್‌ಬುಕ್‌ನ ಯುರೋಪ್ ಕೇಂದ್ರ ಕಚೇರಿ ಇರುವುದು ಡಬ್ಲಿನ್‌ನಲ್ಲಿ. ತನ್ನ ಮಾಹಿತಿ ಅಮೆರಿಕಕ್ಕೆ ಹೋದರೆ ಅಲ್ಲಿನ ಗುಪ್ತಚರ ಸಂಸ್ಥೆಗಳಿಂದ ಅದಕ್ಕೆ ರಕ್ಷಣೆ ಇಲ್ಲ ಎಂಬುದು ಅವರ ವಾದ. ಐರೋಪ್ಯ ನ್ಯಾಯಾಲಯ 2015ರ ಅಕ್ಟೋಬರ್ 6ರಂದು ಅಮೆರಿಕಕ್ಕೆ ದತ್ತಾಂಶ ಕಳುಹಿಸಲು ಇದ್ದ ‘ಸೇಫ್ ಹಾರ್ಬರ್’ ವ್ಯವಸ್ಥೆಯನ್ನು ಅಸಿಂಧುಗೊಳಿಸಿತು. ಅದರ ಜಾಗಕ್ಕೆ ಬಂದ ‘ಪ್ರೈವಸಿ ಶೀಲ್ಡ್’ 2020ರ ಜುಲೈ 16ರಂದು ಬಿದ್ದುಹೋಯಿತು. ಎರಡನೆಯ ತೀರ್ಪು ಮಾದರಿ ಷರತ್ತುಗಳನ್ನು ಉಳಿಸಿತು. ಆದರೆ ಸಹಿ ಹಾಕಿದ ಮಾತ್ರಕ್ಕೆ ಸಾಲದು, ತಲುಪುವ ದೇಶದ ಕಾನೂನಿನಡಿ ಆ ಷರತ್ತುಗಳು ನಿಜಕ್ಕೂ ಪಾಲನೆಯಾಗುತ್ತವೆಯೇ ಎಂದು ಕಳುಹಿಸುವವರೇ ಪರಿಶೀಲಿಸಬೇಕು ಎಂದಿತು. ಈ ಸಾಲನ್ನು ಗುರುತು ಹಾಕಿಕೊಳ್ಳಿ. 2023ರ ಮೇನಲ್ಲಿ ಫೇಸ್‌ಬುಕ್‌ನ ಒಡೆತನದ ಮೆಟಾ ಕಂಪನಿಗೆ 120 ಕೋಟಿ ಯೂರೊ ದಂಡ ಬಿದ್ದದ್ದು ಇದೇ ಕಾರಣಕ್ಕೆ: ಷರತ್ತುಗಳ ಮೇಲೆ ಭಾರ ಹಾಕಿ ಅದು ದತ್ತಾಂಶ ಕಳುಹಿಸುತ್ತಲೇ ಇತ್ತು. ಅದೇ ವರ್ಷದ ಜುಲೈನಲ್ಲಿ ಅಮೆರಿಕದೊಂದಿಗಿನ ಮೂರನೆಯ ವ್ಯವಸ್ಥೆ ಜಾರಿಗೆ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಒಕ್ಕೂಟದ ಜನರಲ್ ಕೋರ್ಟ್ ಅದರ ವಿರುದ್ಧದ ಅರ್ಜಿಯನ್ನು ವಜಾ ಮಾಡಿತು.

ಫೈಲ್ ಕಳುಹಿಸದೆ, ಪರದೆಯ ಮೇಲೆ ನೋಡುವುದು ಕೂಡ ವರ್ಗಾವಣೆಯೇ? ಫ್ರಾಂಕ್‌ಫರ್ಟ್‌ನ ಸರ್ವರ್‌ನಲ್ಲಿರುವ ಗ್ರಾಹಕರ ಕಡತವನ್ನು, ಜರ್ಮನ್ ಕಂಪನಿಯಿಂದ ಗುತ್ತಿಗೆ ಪಡೆದ ಬೆಂಗಳೂರಿನ ಸಂಸ್ಥೆಯ ಎಂಜಿನಿಯರ್ ವೈಟ್‌ಫೀಲ್ಡ್‌ನಲ್ಲಿ ಕುಳಿತು ತೆರೆದರೆ ಅದು ವರ್ಗಾವಣೆ. ಆದರೆ ಐರೋಪ್ಯ ದತ್ತಾಂಶ ಸಂರಕ್ಷಣಾ ಮಂಡಳಿಯ ಮಾರ್ಗಸೂಚಿಯಲ್ಲಿ ಬೇರೊಂದು ಉದಾಹರಣೆ ಇದೆ: ಪೋಲೆಂಡಿನ ಕಂಪನಿಯ ಉದ್ಯೋಗಿಯೊಬ್ಬ ಸಭೆಗೆಂದು ಭಾರತಕ್ಕೆ ಬಂದು, ತನ್ನ ಲ್ಯಾಪ್‌ಟಾಪ್‌ನಲ್ಲಿ ಕಂಪನಿಯ ದತ್ತಾಂಶ ನೋಡುತ್ತಾನೆ. ಇದು ವರ್ಗಾವಣೆ ಅಲ್ಲ, ಏಕೆಂದರೆ ಅವನು ಕಂಪನಿಯ ಭಾಗವೇ ಹೊರತು ಬೇರೆ ಸಂಸ್ಥೆಯಲ್ಲ. ದೇಶ ಒಂದೇ, ಲ್ಯಾಪ್‌ಟಾಪ್ ಅಂಥದ್ದೇ, ಉತ್ತರ ಮಾತ್ರ ಬೇರೆ.

ನಮ್ಮ ದೇಶದಲ್ಲಿ ಇದಕ್ಕೆಲ್ಲ ತಳಪಾಯ, ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿದ ಸುಪ್ರೀಂ ಕೋರ್ಟ್‌ನ 2017ರ ಆಗಸ್ಟ್ 24ರ ಪುಟ್ಟಸ್ವಾಮಿ ತೀರ್ಪು. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. ಆ ಇಳಿವಯಸ್ಸಿನಲ್ಲಿ ಅವರು ನಮ್ಮೆಲ್ಲರಿಗಾಗಿ ಎತ್ತಿದ ಪ್ರಶ್ನೆಗೆ ನಾನು ಋಣಿ. ಒಂಬತ್ತು ನ್ಯಾಯಮೂರ್ತಿಗಳ ಪೀಠವೇ ಏಕೆ ಬೇಕಾಯಿತು ಎಂದರೆ, ಖಾಸಗಿತನಕ್ಕೆ ವಿರುದ್ಧವಾಗಿದ್ದ 1954ರ ಎಂ.ಪಿ. ಶರ್ಮಾ ತೀರ್ಪು ಎಂಟು ಮಂದಿಯ ಪೀಠದ್ದು, ಅದನ್ನು ತಳ್ಳಿಹಾಕಲು ಅದಕ್ಕಿಂತ ದೊಡ್ಡ ಪೀಠವೇ ಬೇಕು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರುವುದು ಅದಾದ 18 ತಿಂಗಳ ಮೇಲೆ, ಅಂದರೆ 2027ರ ಮೇನಲ್ಲಿ. ಭಾರತದಲ್ಲಿರುವವರಿಗೆ ಸರಕು, ಸೇವೆ ಒದಗಿಸುವ ವಿದೇಶಿ ಕಂಪನಿಗೂ 3ನೇ ಕಲಂ ಅನ್ವಯಿಸುತ್ತದೆ. ಆದರೆ ವರ್ತನೆಯನ್ನು ಗಮನಿಸುವುದರ ಪ್ರಸ್ತಾಪ ಅಲ್ಲಿಲ್ಲ. ಹೊರದೇಶಕ್ಕೆ ಕಳುಹಿಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ಸರ್ಕಾರ ಅಧಿಸೂಚನೆಯ ಮೂಲಕ ನಿರ್ಬಂಧಿಸಿದ ದೇಶಗಳಿಗೆ ಮಾತ್ರ ಕಳುಹಿಸುವಂತಿಲ್ಲ (ಕಲಂ 16). ಯುರೋಪಿನ ಕ್ರಮಕ್ಕೆ ಇದು ನೇರ ತದ್ವಿರುದ್ಧ.

ಹೊರಗುತ್ತಿಗೆ ಉದ್ಯಮದವರು 17(1)(ಡಿ) ಕಲಮನ್ನು ಬಾಯಿಪಾಠ ಮಾಡಿರುತ್ತಾರೆ. ವಿದೇಶಿ ಸಂಸ್ಥೆಯೊಂದಿಗಿನ ಒಪ್ಪಂದದಂತೆ, ಭಾರತದಲ್ಲಿಲ್ಲದ ಜನರ ದತ್ತಾಂಶವನ್ನು ಇಲ್ಲಿ ಸಂಸ್ಕರಿಸಿದರೆ ಕಾಯ್ದೆಯ ಬಹುಪಾಲು ಹೊಣೆಗಳಿಂದ ವಿನಾಯಿತಿ. ಆದರೆ ಭದ್ರತೆಯ ಹೊಣೆ, ಅಂದರೆ 8(5)ನೇ ಕಲಂ, ವಿನಾಯಿತಿಯಲ್ಲಿ ಸೇರಿಲ್ಲ. ಅದರ ಉಲ್ಲಂಘನೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಉತ್ತರ ಬರೆಯುವಾಗ ಇದನ್ನು ಮರೆಯುವವರೇ ಹೆಚ್ಚು.

ನನಗೆ ನಿಜಕ್ಕೂ ನೋವು ತರುವ ಭಾಗ ಪರಿಹಾರದ್ದು. ಒಂದೇ ಕಂಪನಿಯ ಒಂದೇ ಸೋರಿಕೆಯಲ್ಲಿ ಮ್ಯೂನಿಕ್‌ನವರ ಮಾಹಿತಿಯೂ ಮಂಡ್ಯದವರ ಮಾಹಿತಿಯೂ ಹೋಯಿತು ಎಂದುಕೊಳ್ಳಿ. ಮ್ಯೂನಿಕ್‌ನವರು ಜಿಡಿಪಿಆರ್‌ನ 82ನೇ ವಿಧಿಯಡಿ ತಮಗಾದ ಹಾನಿಗೆ ಪರಿಹಾರ ಕೇಳಬಹುದು. ಮಂಡ್ಯದವರು ಭಾರತದ ದತ್ತಾಂಶ ಸಂರಕ್ಷಣಾ ಮಂಡಳಿಗೆ ದೂರು ಕೊಡಬಹುದು, ಮಂಡಳಿ ದಂಡ ಹಾಕಬಹುದು. ಆದರೆ 34ನೇ ಕಲಮಿನ ಪ್ರಕಾರ ಆ ಹಣ ಹೋಗುವುದು ಭಾರತದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಬೊಕ್ಕಸಕ್ಕೆ. ಹಿಂದೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂ ಪರಿಹಾರದ ದಾರಿಯೊಂದನ್ನು ಇಟ್ಟಿತ್ತು. ಹೊಸ ಕಾಯ್ದೆಯ 44ನೇ ಕಲಂ ಅದನ್ನೇ ತೆಗೆದುಹಾಕುತ್ತದೆ. ಇದರ ಜೊತೆಗೆ, ಕ್ಷುಲ್ಲಕ ದೂರು ಕೊಟ್ಟರೆ ದೂರುದಾರರಿಗೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ತುಲನಾತ್ಮಕ ಪ್ರಶ್ನೆ ಬಂದರೆ ಈ ಮೂರು ಅಂಶಗಳನ್ನು ಒಟ್ಟಿಗೆ ಇಟ್ಟು ಚರ್ಚಿಸಿ.