ಮೇಲ್ಮೈ ಎಳೆತ: ಸೋಪು ಇಳಿಸುತ್ತದೆ, ಉಪ್ಪು ಏರಿಸುತ್ತದೆ

ಕೋಲಾರದ ಕಡೆ ಎಲೆಕೋಸಿಗೆ ಔಷಧಿ ಹೊಡೆಯುವವರು ಟ್ಯಾಂಕಿಗೆ ಒಂಚೂರು ಗಮ್ (ಹನಿ ಎಲೆಯ ಮೇಲೆ ಹರಡುವಂತೆ ಮಾಡುವ ಸೋಪಿನಂಥ ದ್ರವ) ಕೂಡ ಹಾಕುತ್ತಾರೆ. ಹಾಕದಿದ್ದರೆ ಹನಿಗಳು ಆ ಮೇಣದಂಥ ಎಲೆಯ ಮೇಲೆ ಉಂಡೆಯಾಗಿ ನಿಂತು, ಜಾರಿ ನೆಲಕ್ಕೆ ಬೀಳುತ್ತವೆ. ನೀರು ಹೀಗೆ ಉಂಡೆ ಕಟ್ಟುವುದು ಮೇಲ್ಮೈ ಎಳೆತದಿಂದ.

ನೀರಿನ ಅಣುಗಳು ಒಂದನ್ನೊಂದು ಜೋರಾಗಿ ಎಳೆಯುತ್ತವೆ. ಒಳಗಿರುವ ಅಣುವಿಗೆ ಸುತ್ತಲಿಂದಲೂ ಎಳೆತ ಉಂಟು. ಮೇಲ್ಪದರದ್ದಕ್ಕೆ ಮೇಲುಗಡೆ ಗಾಳಿ ಮಾತ್ರ, ಹಾಗಾಗಿ ಒಳಗಿನವು ಅದನ್ನು ತಮ್ಮ ಕಡೆಗೇ ಎಳೆದುಕೊಳ್ಳುತ್ತವೆ. ನೀರಿನ ಮೈ ಆದಷ್ಟು ಕುಗ್ಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿಗೆ ಈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್.

ಸೋಪಿನ ಅಣುವಿಗೆ ನೀರನ್ನು ಇಷ್ಟಪಡುವ ತಲೆ ಇದೆ, ನೀರು ಆಗದ ಉದ್ದನೆಯ ಬಾಲವೂ ಇದೆ. ಬಾಲ ನೀರಿನಿಂದ ತಪ್ಪಿಸಿಕೊಳ್ಳಲು ಹೋಗಿ ಅಣುಗಳೆಲ್ಲ ಮೇಲ್ಮೈಯಲ್ಲೇ ಸೇರುತ್ತವೆ. ಅಲ್ಲಿ ನೀರಿನ ಅಣುಗಳ ಬಿಗಿ ಸಡಿಲವಾಗಿ ಎಳೆತ 30–40ರ ಆಸುಪಾಸಿಗೆ ಇಳಿಯುತ್ತದೆ. ಹನಿ ಎಲೆಯ ಮೇಲೆ ಹರಡುತ್ತದೆ. ಮೇಲ್ಮೈ ತುಂಬಿದ ಮೇಲೆ ಎಷ್ಟು ಸೋಪು ಸುರಿದರೂ ಎಳೆತ ಹೆಚ್ಚೇನೂ ಇಳಿಯದು. ಮಿಕ್ಕ ಅಣುಗಳು ನೀರೊಳಗೆ ಬಾಲಗಳನ್ನು ಒಳಕ್ಕೆ ಮಾಡಿಕೊಂಡು ಗುಂಪು ಕಟ್ಟುತ್ತವೆ. ಗಮ್ ಜಾಸ್ತಿ ಹಾಕಿದರೆ ಔಷಧಿ ಇನ್ನೂ ಚೆನ್ನಾಗಿ ಹರಡುತ್ತದೆ ಅನ್ನುವುದು ನಿಜವಲ್ಲ.

ಅಡುಗೆ ಉಪ್ಪಿನದು ಇದಕ್ಕೆ ತದ್ವಿರುದ್ಧ. ಕರಗಿದ ಉಪ್ಪಿನ ಕಣಗಳಿಗೆ ನೀರೊಳಗೇ ಹಿತ. ಮೇಲ್ಮೈಯಿಂದ ಅವು ಸಾಮಾನ್ಯವಾಗಿ ದೂರ ಉಳಿಯುವುದರಿಂದ ಎಳೆತ ಸ್ವಲ್ಪ ಏರುತ್ತದೆ. ಸ್ವಲ್ಪ ಅಂದರೆ ಬಹಳ ಸ್ವಲ್ಪ: ಲೀಟರಿಗೆ 58 ಗ್ರಾಂ ಉಪ್ಪು ಹಾಕಿದರೂ ಒಂದೂವರೆ ಮಿಲಿನ್ಯೂಟನ್ ಚಿಲ್ಲರೆ ಅಷ್ಟೇ.

ಹಾಗಾದರೆ ನಮ್ಮ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬರದಿರುವುದು ಯಾಕೆ? ಉಪ್ಪು ಎಳೆತವನ್ನು ಏರಿಸುವುದರಿಂದ ಅಲ್ಲ. ಲೀಟರಿಗೆ 2 ಗ್ರಾಂ ಲವಣ ಇದ್ದರೂ ಎಳೆತ 0.1ರಷ್ಟೂ ಹೆಚ್ಚುವುದಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನೇ ಹಿಡಿದು ಕರಗದ ಬಿಳಿ ಗಸಿ ಮಾಡಿಬಿಡುತ್ತವೆ. ಬಕೆಟ್ಟಿನ ಅಂಚಿಗೆ ಅಂಟುವುದು ಅದೇ. ಅವು ಮುಗಿಯುವವರೆಗೂ ಹಾಕಿದ ಸೋಪೆಲ್ಲ ದಂಡ, ಅಲ್ವಾ? ಡಿಟರ್ಜೆಂಟ್ ಪುಡಿಗೆ ಈ ಕಾಟ ಕಡಿಮೆ. ವಿಶೇಷ ಏನೆಂದರೆ, ಅಡುಗೆ ಉಪ್ಪು ಡಿಟರ್ಜೆಂಟಿಗೆ ನೆರವೇ ಆಗಬಲ್ಲದು. ವಿದ್ಯುದಂಶ ಇರುವ ತಲೆಗಳು ಒಂದನ್ನೊಂದು ದೂರ ತಳ್ಳುವುದನ್ನು ಅದು ತಗ್ಗಿಸುತ್ತದೆ. ಆಗ ಕಡಿಮೆ ಡಿಟರ್ಜೆಂಟಿನಲ್ಲೇ ಮೇಲ್ಮೈ ತುಂಬುತ್ತದೆ.

ಬೇವಿನ ಎಣ್ಣೆಯನ್ನು ಬಟ್ಟೆ ಸೋಪಿನ ಜೊತೆ ಕದಡಿ ಹೊಡೆಯುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಗಡಸು ನೀರಿನಲ್ಲಿ ಸೋಪು ಗಸಿಯಾದರೆ ಎಣ್ಣೆ ಬೇರೆಯಾಗಿ ಮೇಲೆ ತೇಲುತ್ತದೆ. ಕೃಷಿ ಹೊಂಡದಲ್ಲಿ ಮಳೆನೀರು ಇದ್ದರೆ ಮೊದಲು ಅದನ್ನೇ ಬಳಸಿ.